ಹಳೆಯ ಪಿಸಿ ಗೇಮ್ ಯಾವಾಗ ತಗೋಬೇಕು, ಎಷ್ಟಕ್ಕೆ ತಗೋಬೇಕು

ಸೇಲ್ ಶುರುವಾದ ರಾತ್ರಿ, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ತೆರೆದರೆ ಪುಟದ ತುಂಬ ಹಸಿರು ಡಬ್ಬಿಗಳು. 75% ಕಡಿತ, 80% ಕಡಿತ, 90% ಕಡಿತ. ದಯವಿಟ್ಟು ಆ ಸಂಖ್ಯೆ ನೋಡಿ ಹಳೆಯ ಗೇಮ್ ತಗೋಬೇಡಿ. ನೋಡಬೇಕಾದ್ದು ಎರಡೇ. ಈ ಗೇಮ್ ಇದುವರೆಗೆ ಅತಿ ಕಡಿಮೆ ಅಂದರೆ ಎಷ್ಟಕ್ಕೆ ಸಿಕ್ಕಿದೆ? ಇದರ ಹಕ್ಕು ಈಗ ಯಾರ ಕೈಯಲ್ಲಿದೆ? ಮೊದಲನೆಯದನ್ನು ಕೆಲವರಾದರೂ ನೋಡುತ್ತಾರೆ. ಎರಡನೆಯದನ್ನು ಯಾರೂ ಕೇಳುವುದೇ ಇಲ್ಲ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಹೊಸ ಗೇಮ್‌ಗಳ ಬೆಲೆ ಅರ್ಥ ಮಾಡಿಕೊಳ್ಳುವುದು ಸುಲಭ. ಬಂದ ದಿನ ಜಾಸ್ತಿ, ದಿನ ಕಳೆದ ಹಾಗೆ ಇಳಿಯುತ್ತದೆ, ಕಾದವರಿಗೆ ಲಾಭ. ಹಳೆಯ ಗೇಮ್‌ಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹತ್ತು ವರ್ಷ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಗೇಮ್ ಒಂದು ದಿನ ಇದ್ದಕ್ಕಿದ್ದ ಹಾಗೆ ಅಂಗಡಿಯಿಂದ ಹೋಗಿಬಿಡುತ್ತದೆ, ಇಲ್ಲಾಂದ್ರೆ ಹೊಸ ರೂಪ ತೊಟ್ಟು ಮೂರು ನಾಲ್ಕು ಪಟ್ಟು ಬೆಲೆಗೆ ವಾಪಸ್ ಬರುತ್ತದೆ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಜಿಟಿಎ ವೈಸ್ ಸಿಟಿ. 2003ರಲ್ಲಿ ಪಿಸಿಗೆ ಬಂತು, ಆಮೇಲೆ ಎಷ್ಟೋ ವರ್ಷ ಸೈಬರ್ ಕೆಫೆಗಳಲ್ಲಿ ಹುಡುಗರು ಸರದಿಗೆ ಕಾದು ಆಡಿದ ಗೇಮ್ ಅದು. ನಾನು ಆಡಿದ್ದು ದಾವಣಗೆರೆಯಲ್ಲಿ, ಗಂಟೆಗೆ 20 ರೂಪಾಯಿ ಕೊಟ್ಟು. ಗೆಳೆಯ ಪಕ್ಕದಲ್ಲಿ ಕೂತು ನೋಟ್‌ಬುಕ್ ನೋಡಿಕೊಂಡು ಚೀಟ್ ಕೋಡ್ ಹೇಳುತ್ತಿದ್ದ. ಕೆಲಸಕ್ಕೆ ಸೇರಿದ ಮೇಲೆ ಒಂದು ಅಸಲಿ ಕಾಪಿ ಇಟ್ಟುಕೊಳ್ಳೋಣ ಅಂತ ಬಹಳ ಜನಕ್ಕೆ ಅನಿಸಿತ್ತು. ಸ್ಟೀಮ್‌ನಲ್ಲಿ ಸೇಲ್ ಬಂದಾಗಲೆಲ್ಲ ಅಗ್ಗಕ್ಕೇ ಸಿಗುತ್ತಿತ್ತು, ಎಲ್ಲಿಗೆ ಹೋಗುತ್ತೆ, ಮುಂದಿನ ಸಲ ನೋಡೋಣ ಅಂತ ಬಿಟ್ಟವರೂ ಅಷ್ಟೇ ಜನ. 2021ರ ಅಕ್ಟೋಬರ್‌ನಲ್ಲಿ ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರನ್ನೂ ರಾಕ್‌ಸ್ಟಾರ್ ಕಂಪನಿ ಆನ್‌ಲೈನ್ ಅಂಗಡಿಗಳಿಂದ ತೆಗೆಯಿತು. ನವೆಂಬರ್ 11ಕ್ಕೆ ಮೂರೂ ಸೇರಿದ ಡೆಫಿನಿಟಿವ್ ಎಡಿಷನ್ 60 ಡಾಲರ್‌ಗೆ ಬಂತು, ಬಂದಾಗ ಅದರ ತುಂಬ ಬಗ್‌ಗಳು. ಜನ ಜೋರಾಗಿ ಬೈದ ಮೇಲೆ ಹಳೆಯವನ್ನು ಕಂಪನಿ ತನ್ನದೇ ಅಂಗಡಿಯಲ್ಲಿ ಮೂರೂ ಸೇರಿಸಿ ಒಂದೇ ಕಟ್ಟು ಮಾಡಿ ವಾಪಸ್ ತಂದಿತು. ಆದರೆ ಅದಕ್ಕೂ ಮೊದಲೇ ಸ್ಟೀಮ್‌ನಲ್ಲಿ ಕೊಂಡಿದ್ದವರಿಗೆ ಈ ಯಾವ ತಲೆನೋವೂ ಇರಲಿಲ್ಲ. ಅವರ ಲೈಬ್ರರಿಯಲ್ಲಿ, ಅಂದರೆ ಕೊಂಡ ಗೇಮ್‌ಗಳ ಪಟ್ಟಿಯಲ್ಲಿ, ಗೇಮ್ ಹಾಗೇ ಉಳಿಯಿತು.

ಹಕ್ಕು ಕೈ ಬದಲಾದಾಗಲೂ ಇದೇ ಆಗುತ್ತದೆ. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ಕಂಪನಿ 2008ರಲ್ಲಿ ಗುಡ್ ಓಲ್ಡ್ ಗೇಮ್ಸ್ ಅನ್ನುವ ಹೆಸರಲ್ಲಿ ಶುರು ಮಾಡಿದ ಗಾಗ್ ಅಂಗಡಿ ಹಳೆಯ ಗೇಮ್ ಪ್ರಿಯರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಫಾಲ್‌ಔಟ್ ಸರಣಿಯ ಹಳೆಯ ಮೂರು ಗೇಮ್‌ಗಳನ್ನು 2013ರ ಡಿಸೆಂಬರ್‌ನಲ್ಲಿ ಎರಡು ದಿನ ಪೂರ್ತಿ ಉಚಿತವಾಗಿ ಕೊಟ್ಟರು. ವರ್ಷ ಮುಗಿಯುವಷ್ಟರಲ್ಲಿ ಮೂರೂ ಅಂಗಡಿಯಿಂದ ಹೊರಗೆ. ಇಂಟರ್‌ಪ್ಲೇ ಕಂಪನಿಯಿಂದ ಹಕ್ಕು ಬೆಥೆಸ್ಡಾ ಕಡೆಗೆ ಹೋಗಿತ್ತು, ಗಾಗ್‌ಗೆ ಅವು ವಾಪಸ್ ಬಂದದ್ದು 2015ರಲ್ಲಿ. ಆ ಎರಡು ದಿನದಲ್ಲಿ ಬಟನ್ ಒತ್ತಿದವರ ಹತ್ತಿರ ಗೇಮ್ ಇವತ್ತಿಗೂ ಇದೆ.

ವಾರ್‌ಕ್ರಾಫ್ಟ್ ಕತೆ ಇನ್ನೂ ಹತ್ತಿರದ್ದು. 2024ರ ನವೆಂಬರ್‌ನಲ್ಲಿ ಮೊದಲ ಎರಡು ವಾರ್‌ಕ್ರಾಫ್ಟ್‌ಗಳ ರಿಮಾಸ್ಟರ್ (ಹಳೆಯ ಗೇಮನ್ನೇ ತಿದ್ದಿ ತೀಡಿ ತಂದ ಹೊಸ ರೂಪ) ಬಂತು, ಒಂದನೆಯದಕ್ಕೆ 10 ಡಾಲರ್, ಎರಡನೆಯದಕ್ಕೆ 15. ಡಿಸೆಂಬರ್ 13ಕ್ಕೆ ಗಾಗ್‌ನಲ್ಲಿ ಹಳೆಯವುಗಳ ಮಾರಾಟ ನಿಂತಿತು. ಗಾಗ್‌ನವರು ಮೊದಲೇ ತಾರೀಖು ಹೇಳಿ, ಇರುವಷ್ಟು ದಿನ ಸ್ವಲ್ಪ ರಿಯಾಯಿತಿಯನ್ನೂ ಕೊಟ್ಟರು, ಕೊಂಡವರಿಗೆ ಆಮೇಲೂ ಗೇಮ್ ನಡೆಯುವ ಹಾಗೆ ನೋಡಿಕೊಳ್ಳುತ್ತೇವೆ ಅಂತ ಮಾತು ಕೊಟ್ಟರು. ಇಂಥ ಸುದ್ದಿ ಬಂದಾಗ ಇನ್ನೂ ಕಡಿಮೆ ಆಗಲಿ ಅಂತ ಕಾಯಬಾರದು. ಪೂರ್ತಿ ಬೆಲೆ ಇದ್ದರೂ ತಗೊಂಡುಬಿಡಿ.

ಹಾಗಂತ ರಿಮಾಸ್ಟರ್ ಬಂದಾಗಲೆಲ್ಲ ಹಳೆಯದು ಹೋಗುತ್ತದೆ ಅಂತಲ್ಲ. 2021ರ ಆಗಸ್ಟ್‌ನಲ್ಲಿ ಕ್ವೇಕ್ ಹೊಸ ರೂಪದಲ್ಲಿ ಬಂದಾಗ, 2023ರಲ್ಲಿ ಕ್ವೇಕ್ 2 ಬಂದಾಗ, 2024ರಲ್ಲಿ ಡೂಮ್ ಮತ್ತು ಡೂಮ್ 2 ಸೇರಿಸಿ ಒಂದೇ ಮಾಡಿದಾಗ, ಹಳೆಯದನ್ನು ಕೊಂಡಿದ್ದವರಿಗೆ ಹೊಸದನ್ನು ಬಿಟ್ಟಿಯಾಗೇ ಕೊಟ್ಟರು. ಸೇಲ್‌ನಲ್ಲಿ ಎಂದೋ ನೂರು ರೂಪಾಯಿ ಹಾಕಿದ್ದವರಿಗೆ ಹೊಸ ಗೇಮ್ ತಾನಾಗಿ ಲೈಬ್ರರಿಗೆ ಬಂದು ಕೂತಿತು. ಎರಡೂ ಕಡೆ ನೋಡಿ. ವಾರ್‌ಕ್ರಾಫ್ಟ್‌ನ ಹಾಗಾದರೆ ಗಾಗ್‌ನಂಥ ಅಂಗಡಿಯಲ್ಲಿ ಹಳೆಯದರ ಮಾರಾಟ ನಿಲ್ಲುತ್ತದೆ, ಕ್ವೇಕ್‌ನ ಹಾಗಾದರೆ ಹಳೆಯದಿದ್ದವರಿಗೆ ಹೊಸದು ಉಚಿತ. ಎರಡರಲ್ಲೂ ಗೆದ್ದವರು ರಿಮಾಸ್ಟರ್ ಬರುವ ಮೊದಲೇ ಹಳೆಯದನ್ನು ತಗೊಂಡವರು. ನಾನು ವಿಶ್‌ಲಿಸ್ಟ್ (ಬೇಕಾದ ಗೇಮ್‌ಗಳ ಪಟ್ಟಿ) ಇಟ್ಟುಕೊಳ್ಳುವುದು ಇದೇ ಲೆಕ್ಕದಲ್ಲಿ. ರಿಮಾಸ್ಟರ್ ಮಾತು ಕೇಳಿ ಬಂದ ಗೇಮ್ ಮೇಲೆ, ಯಾರೂ ಮಾತಾಡದ ಗೇಮ್ ಕೆಳಗೆ.

ಬೆಲೆಯ ಹಿಸ್ಟರಿ ನೋಡುವುದು ಹೇಗೆ

ಆಷಾಢದ ಸೇಲ್‌ನಲ್ಲಿ ಸೀರೆ ತೆಗೆಯುವಾಗ ನಮ್ಮಮ್ಮ ಬೆಲೆಚೀಟಿಯನ್ನು ಉಗುರಿನಿಂದ ಕೆರೆದು, ಕೆಳಗೆ ಇನ್ನೊಂದು ಚೀಟಿ ಇದೆಯಾ ಅಂತ ನೋಡುತ್ತಿದ್ದರು. ಗೇಮ್ ವಿಷಯದಲ್ಲೂ ಹಾಗೆ ಕೆರೆದು ನೋಡುವುದಕ್ಕೆ ದಾರಿ ಇದೆ. ಸ್ಟೀಮ್ ಗೇಮ್‌ಗಳಿಗೆ ಸ್ಟೀಮ್‌ಡಿಬಿ, ಗಾಗ್‌ಗೆ ಗಾಗ್‌ಡಿಬಿ, ಎಲ್ಲ ಅಂಗಡಿ ಸೇರಿಸಿ ನೋಡಲು ಈಸ್ ದೇರ್ ಎನಿ ಡೀಲ್. ಮೂರೂ ಉಚಿತ ವೆಬ್‌ಸೈಟ್‌ಗಳು. ಸ್ಟೀಮ್‌ಡಿಬಿಯಲ್ಲಿ ಗೇಮ್ ಹೆಸರು ಹುಡುಕಿ, ಕರೆನ್ಸಿಯನ್ನು ರೂಪಾಯಿಗೆ ಬದಲಿಸಿ. ಇದನ್ನು ಮರೆಯಬೇಡಿ, ಡಾಲರ್ ಗ್ರಾಫ್ ನೋಡಿ ನಿರ್ಧಾರ ಮಾಡಿದರೆ ನಮ್ಮ ಲೆಕ್ಕ ತಪ್ಪುತ್ತದೆ.

ಗ್ರಾಫ್ ನೋಡಿದರೆ ಬಾಚಣಿಗೆ ಹಲ್ಲು ಕೆಳಗೆ ಮಾಡಿ ಹಿಡಿದ ಹಾಗೆ ಕಾಣುತ್ತದೆ. ಮೇಲಿನ ನೇರ ಗೆರೆ ಮೂಲ ಬೆಲೆ, ಕೆಳಗೆ ಇಳಿದ ಒಂದೊಂದು ಹಲ್ಲೂ ಒಂದೊಂದು ಸೇಲ್. ಹಲ್ಲುಗಳ ತುದಿ ಎಲ್ಲಿಯವರೆಗೆ ಇಳಿದಿದೆ ಅಂತ ನೋಡಿ, ಅದೇ ನೀವು ಕೊಡಬೇಕಾದ ಬೆಲೆ. ಆಮೇಲೆ ಮೇಲಿನ ಗೆರೆ ನೋಡಿ. ಅದು ಮೆಟ್ಟಿಲಿನ ಹಾಗೆ ಎಲ್ಲಾದರೂ ಏರಿದ್ದರೆ ಅಲ್ಲಿ ಮೂಲ ಬೆಲೆ ಜಾಸ್ತಿ ಮಾಡಿದ್ದಾರೆ ಅಂತ ಅರ್ಥ.

ಒಂದು ಲೆಕ್ಕ ಮಾಡೋಣ. ಒಂದು ಗೇಮ್ ಮೊದಲು 299 ರೂಪಾಯಿ ಇತ್ತು ಅಂದುಕೊಳ್ಳಿ, ಸೇಲ್‌ನಲ್ಲಿ 75% ಕಡಿತ, ಅಂದರೆ ಸುಮಾರು 75 ರೂಪಾಯಿ. ಆಮೇಲೆ ಮೂಲ ಬೆಲೆ 449 ಮಾಡಿದರು. ಈ ಸಲದ ಸೇಲ್‌ನಲ್ಲಿ 80% ಕಡಿತ, ಅಂದರೆ ಸುಮಾರು 90 ರೂಪಾಯಿ. ಹಸಿರು ಡಬ್ಬಿಯಲ್ಲಿ ಸಂಖ್ಯೆ ದೊಡ್ಡದಾಗಿದೆ, ಕೊಡುವ ದುಡ್ಡೂ ಜಾಸ್ತಿಯಾಗಿದೆ. ಹಳೆಯ ಗೇಮ್‌ಗಳಲ್ಲಿ ಇದನ್ನು ಗಮನಿಸುವವರು ಕಡಿಮೆ, ಯಾಕಂದ್ರೆ ಎರಡೂ ಬೆಲೆ ಚಿಕ್ಕದಾಗೇ ಕಾಣುತ್ತದೆ.

ಬೆಲೆ ಏರಿಸಿ ಮಾರನೇ ದಿನ ಡಿಸ್ಕೌಂಟ್ ಕೊಡುವುದಕ್ಕೆ ಸ್ಟೀಮ್ ಬಿಡುವುದಿಲ್ಲ. ಯಾವ ಕರೆನ್ಸಿಯಲ್ಲಿ ಬೆಲೆ ಏರಿಸಿದರೂ ಮುಂದಿನ 30 ದಿನ ಆ ಗೇಮ್‌ಗೆ ರಿಯಾಯಿತಿ ಕೊಡುವ ಹಾಗಿಲ್ಲ, ಇದು ಅಲ್ಲಿನ ನಿಯಮ. ಹಾಗಾಗಿ ಜೂನ್ ಕೊನೆಯ ಸೇಲ್ ಮೇಲೆ ಕಣ್ಣಿಟ್ಟಿದ್ದರೆ ಗ್ರಾಫ್‌ನಲ್ಲಿ ಏಪ್ರಿಲ್, ಮೇ ತಿಂಗಳು ನೋಡಿ. ಮೆಟ್ಟಿಲು ಏರಿದ್ದರೆ ಅಲ್ಲೇ ಏರಿರುತ್ತದೆ. ಗಾಗ್‌ನಲ್ಲಿ ಗೇಮ್‌ನ ಪುಟದಲ್ಲೇ, ಬೆಲೆಯ ಹತ್ತಿರ ಸಣ್ಣ ಅಕ್ಷರದಲ್ಲಿ, ರಿಯಾಯಿತಿಗೆ ಮೊದಲ 30 ದಿನದ ಕನಿಷ್ಠ ಬೆಲೆ ಬರೆದಿರುತ್ತದೆ. ಯುರೋಪ್‌ನ ಗ್ರಾಹಕ ಕಾನೂನಿನಿಂದ ಬಂದ ಒಳ್ಳೆಯ ಅಭ್ಯಾಸ ಇದು. ಆದರೆ 30 ದಿನ ಸಾಲದು, ಎರಡು ವರ್ಷದ್ದು ನೋಡಿ.

ಯಾವ ಎಡಿಷನ್ ಅಂತ ನೋಡದೆ ದುಡ್ಡು ಕೊಡಬೇಡಿ

ಒಂದೇ ಹೆಸರಲ್ಲಿ ಎರಡು ಮೂರು ಗೇಮ್ ಇರುತ್ತವೆ, ಅಗ್ಗದ್ದೇ ಒಳ್ಳೆಯದಾಗಿರಬಹುದು. ಇದಕ್ಕೆ ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮೂಲ ಗೇಮ್ 1999ರದ್ದು. 2015ರಲ್ಲಿ ಎಚ್‌ಡಿ ಎಡಿಷನ್ ಬಂತು, ಚಿತ್ರ ಚೆಂದ, ಆದರೆ ಮೂಲ ಗೇಮ್‌ಗೆ ಆಮೇಲೆ ಸೇರಿಸಿದ ಎರಡು ಹೆಚ್ಚುವರಿ ಭಾಗಗಳು (ಎಕ್ಸ್‌ಪಾನ್ಷನ್) ಅದರಲ್ಲಿ ಇಲ್ಲ. ಗಾಗ್‌ನ ಕಂಪ್ಲೀಟ್ ಎಡಿಷನ್‌ನಲ್ಲಿ ಎಲ್ಲವೂ ಇದೆ, ಅಭಿಮಾನಿಗಳು ಗೇಮ್‌ಗೆ ಇವತ್ತಿಗೂ ಮಾಡುತ್ತಿರುವ ಬದಲಾವಣೆಗಳು, ಅಂದರೆ ಮಾಡ್‌ಗಳು, ಓಡುವುದೂ ಅದರ ಮೇಲೇ. ಮೂಲ ಬೆಲೆ 9.99 ಡಾಲರ್, ಸೇಲ್‌ನಲ್ಲಿ 2.49ಕ್ಕೆ ಇಳಿಯುತ್ತದೆ. ಎಚ್‌ಡಿ ಅನ್ನುವ ಎರಡು ಅಕ್ಷರ ನೋಡಿ ಕಮ್ಮಿ ಸರಕನ್ನು ಜಾಸ್ತಿ ಬೆಲೆಗೆ ತಗೋಬೇಡಿ.

ಕೆಲವು ಗೇಮ್‌ಗೆ ದುಡ್ಡೇ ಬೇಡ. ಮೊದಲ ಸ್ಟಾರ್‌ಕ್ರಾಫ್ಟ್ 2017ರಿಂದ ಉಚಿತ, ದುಡ್ಡು ಇರುವುದು ರಿಮಾಸ್ಟರ್‌ಗೆ ಮಾತ್ರ. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮೊದಲ ಎರಡು, ಅರೀನಾ ಮತ್ತು ಡ್ಯಾಗರ್‌ಫಾಲ್, ಉಚಿತ. ಬಿನೀತ್ ಎ ಸ್ಟೀಲ್ ಸ್ಕೈ, ಟೈರಿಯನ್ 2000 ಗಾಗ್‌ನಲ್ಲಿ ಉಚಿತ. ಹಳೆಯ ಗೇಮ್ ಹೇಗಿರುತ್ತೆ ನೋಡೋಣ ಅನ್ನುವವರು ಇಲ್ಲಿಂದಲೇ ಶುರು ಮಾಡಲಿ.

ಇನ್ನೊಂದು ವಿಷಯ ಹಾಡುಗಳದ್ದು. ಸ್ಯಾನ್ ಆಂಡ್ರಿಯಾಸ್‌ನ ರೇಡಿಯೊದಿಂದ ಎಷ್ಟೋ ಹಾಡುಗಳು 2014ರ ಅಪ್‌ಡೇಟ್‌ನಲ್ಲಿ ಹೋದವು, ಹಾಡಿನ ಲೈಸೆನ್ಸ್ ಮುಗಿದಿತ್ತು. ಅದೇ ಹೆಸರು, ಅದೇ ಬೆಲೆ, ಒಳಗೆ ಮಾತ್ರ ಕಡಿಮೆ. ಕಾರು, ರೇಸ್, ಸಿನಿಮಾ, ಹಾಡು, ಇಂಥ ಹೊರಗಿನವರ ಹಕ್ಕು ಒಳಗೆ ಸೇರಿರುವ ಗೇಮ್ ಇಷ್ಟವಾಗಿದ್ದರೆ ಬಹಳ ದಿನ ಕಾಯಬೇಡಿ.

ಯಾವಾಗ ಕಾಯಬೇಕು

ಸ್ಟೀಮ್‌ನ ದೊಡ್ಡ ಸೇಲ್‌ಗಳು ಜೂನ್ ಕೊನೆಗೆ ಮತ್ತು ಡಿಸೆಂಬರ್ ಕೊನೆಗೆ, ಮಧ್ಯೆ ಮಾರ್ಚ್‌ನಲ್ಲೊಂದು, ಶರತ್ಕಾಲದಲ್ಲೊಂದು. ಶರತ್ಕಾಲದ್ದು ಮೊದಲು ನವೆಂಬರ್‌ನಲ್ಲಿತ್ತು, 2025ರಲ್ಲಿ ಸೆಪ್ಟೆಂಬರ್ 29ಕ್ಕೆ ತಂದರು. 2025ರಲ್ಲಂತೂ ಆಷಾಢ ಹಿಡಿದದ್ದೂ ಸ್ಟೀಮ್‌ನ ಬೇಸಿಗೆ ಸೇಲ್ ಶುರುವಾದದ್ದೂ ಒಂದೇ ದಿನ, ಜೂನ್ 26. ಗಾಗ್‌ನಲ್ಲೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ದೊಡ್ಡ ಸೇಲ್ ಇರುತ್ತದೆ.

ಇವಲ್ಲದೆ ಗೇಮ್‌ನದ್ದೇ ಆದ ಹಬ್ಬಗಳಿವೆ, ಹಳೆಯ ಗೇಮ್‌ಗೆ ಅವೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಸ್ಟಾರ್ ವಾರ್ಸ್ ಅಭಿಮಾನಿಗಳ ದಿನವಾದ ಮೇ 4ರ ಸುತ್ತ ಸ್ಟಾರ್ ವಾರ್ಸ್ ಗೇಮ್‌ಗಳ ಬೆಲೆ ಇಳಿಯುತ್ತದೆ. ಆಗಸ್ಟ್‌ನಲ್ಲಿ ಕ್ವೇಕ್ ಅಭಿಮಾನಿಗಳ ಸಮಾವೇಶ ಕ್ವೇಕ್‌ಕಾನ್ ಇರುತ್ತದೆ, ಆಗ ಡೂಮ್, ಕ್ವೇಕ್, ಹಳೆಯ ಫಾಲ್‌ಔಟ್ ಎಲ್ಲ ಇಳಿಯುತ್ತವೆ. ಗೇಮ್‌ನ ಹುಟ್ಟುಹಬ್ಬವನ್ನೂ ನೆನಪಿಡಿ. ಹಾಫ್ ಲೈಫ್ 1998ರ ನವೆಂಬರ್‌ನದ್ದು, 25 ವರ್ಷ ತುಂಬಿದಾಗ 2023ರಲ್ಲಿ ಕೆಲವು ದಿನ ಬಿಟ್ಟಿ ಕೊಟ್ಟರು. ಹಾಫ್ ಲೈಫ್ 2ಕ್ಕೆ 20 ತುಂಬಿದಾಗ 2024ರ ನವೆಂಬರ್‌ನಲ್ಲಿ ಅದನ್ನೂ ಕೊಟ್ಟರು. ಬೇಕಾದ ಗೇಮ್‌ಗೆ 20, 25, 30 ವರ್ಷ ತುಂಬುವುದು ಯಾವಾಗ ಅಂತ ಒಮ್ಮೆ ಲೆಕ್ಕ ಹಾಕಿ, ಹತ್ತಿರದಲ್ಲಿದ್ದರೆ ತಡೆಯಿರಿ.

ಎಲ್ಲವನ್ನೂ ವಿಶ್‌ಲಿಸ್ಟ್‌ಗೆ ಹಾಕಿಡಿ, ಬೆಲೆ ಇಳಿದ ದಿನ ಮೇಲ್ ಬರುತ್ತದೆ. ನಿನ್ನೆ ಪೂರ್ತಿ ಬೆಲೆಗೆ ಕೊಂಡು ಇವತ್ತು ಸೇಲ್ ಶುರುವಾದರೆ ಬೇಜಾರು ಮಾಡಿಕೊಳ್ಳಬೇಡಿ. ಸ್ಟೀಮ್‌ನಲ್ಲಿ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಿ ಮತ್ತೆ ಕಡಿಮೆ ಬೆಲೆಗೆ ಕೊಳ್ಳಬಹುದು. ಇದು ತಪ್ಪಲ್ಲ ಅಂತ ಅವರೇ ನಿಯಮದಲ್ಲಿ ಬರೆದಿದ್ದಾರೆ.

ನಮ್ಮ ರೂಪಾಯಿ ಲೆಕ್ಕ

ಇದನ್ನು ಸ್ವಲ್ಪ ನಿಧಾನವಾಗಿ ನೋಡಿ, ಯಾಕಂದ್ರೆ ಯಾರೂ ಏರಿಸದೆ ಏರುವ ಬೆಲೆ ಇಲ್ಲಿದೆ. ಸ್ಟೀಮ್ 2015ರಿಂದ ರೂಪಾಯಿಯಲ್ಲಿ ಬೆಲೆ ತೋರಿಸುತ್ತದೆ. ಗಾಗ್‌ನಲ್ಲಿ ನಮಗೆ ಡಾಲರ್. ಗಾಗ್ ಶುರುವಾದ 2008ರ ಕೊನೆಯಲ್ಲಿ ಡಾಲರ್‌ಗೆ 48 ರೂಪಾಯಿ ಆಸುಪಾಸು ಇತ್ತು. ಆಗ ಅಲ್ಲಿನ ಗೇಮ್‌ಗಳ ಬೆಲೆ 5.99 ಅಥವಾ 9.99 ಡಾಲರ್. 5.99 ಅಂದರೆ ಆಗ 290 ರೂಪಾಯಿ ಒಳಗೆ. ಅದೇ 5.99 ಡಾಲರ್‌ಗೆ, ಡಾಲರ್ 88 ರೂಪಾಯಿ ಅಂತ ಹಿಡಿದರೆ, ಈಗ 527 ರೂಪಾಯಿ. ಅಂಗಡಿಯವರು ಒಂದು ಸೆಂಟ್ ಕೂಡ ಏರಿಸಿಲ್ಲ, ನಮಗೆ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು.

ಅದರ ಮೇಲೆ ಕಾರ್ಡಿನ ಖರ್ಚು. 2.49 ಡಾಲರ್‌ನ ಹೀರೋಸ್ 3 ತಗೊಳ್ಳಿ. ಡಾಲರ್‌ಗೆ 88ರ ಲೆಕ್ಕದಲ್ಲಿ 219 ರೂಪಾಯಿ. ಕಾರ್ಡ್ 3.5% ಫಾರೆಕ್ಸ್ ಮಾರ್ಕಪ್ (ವಿದೇಶಿ ಕರೆನ್ಸಿ ಖರ್ಚಿಗೆ ಹಾಕುವ ಶುಲ್ಕ) ಹಾಕಿದರೆ ಇನ್ನು 7 ರೂಪಾಯಿ ಚಿಲ್ಲರೆ, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಒಟ್ಟು 228. ಇದು ದೊಡ್ಡದಲ್ಲ. ಆದರೆ ಕೆಲವು ಕಾರ್ಡುಗಳಲ್ಲಿ ಪರ್ಸೆಂಟ್ ಬಿಟ್ಟು ಪ್ರತಿ ಸಲಕ್ಕೆ ಇಷ್ಟು ಅಂತ ಕನಿಷ್ಠ ಶುಲ್ಕ ಇರುತ್ತದೆ, ಆಗ ಚಿಕ್ಕ ಗೇಮ್ ಒಂದೊಂದಾಗಿ ಕೊಂಡರೆ ಡಿಸ್ಕೌಂಟ್ ಅಲ್ಲೇ ಕರಗಿಹೋಗುತ್ತದೆ. ನಿಮ್ಮ ಕಾರ್ಡಿನ ಶುಲ್ಕದ ಪಟ್ಟಿ ನೋಡಿ, ಹಾಗಿದ್ದರೆ ಸೇಲ್‌ನಲ್ಲಿ ನಾಲ್ಕೈದು ಗೇಮ್ ಒಟ್ಟಿಗೆ ಒಂದೇ ಬಿಲ್ ಮಾಡಿ. ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ವ್ಯವಹಾರ ಆನ್ ಆಗಿರಬೇಕು, 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಸೇಲ್ ಮುಗಿಯುವ ಕೊನೇ ಗಂಟೆಯಲ್ಲಿ ಇದನ್ನು ಹುಡುಕುತ್ತ ಕೂರಬೇಡಿ. ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಒಂದೇ ಗೇಮ್ ಎರಡೂ ಕಡೆ ಇದ್ದರೆ ಸ್ಟೀಮ್‌ನ ರೂಪಾಯಿ ಬೆಲೆ ಎಷ್ಟೋ ಸಲ ಕಡಿಮೆ ಇರುತ್ತದೆ. ಆದರೂ ಹತ್ತಿಪ್ಪತ್ತು ರೂಪಾಯಿ ವ್ಯತ್ಯಾಸವಾದರೆ ನಾನು ಗಾಗ್‌ನಲ್ಲೇ ಕೊಳ್ಳುತ್ತೇನೆ. ಅಲ್ಲಿ ಇನ್‌ಸ್ಟಾಲರ್ ಫೈಲ್ ನಮ್ಮ ಕೈಗೆ ಬರುತ್ತದೆ, ಯಾವ ಲಾಗಿನ್ ಇಲ್ಲದೆ ಗೇಮ್ ನಡೆಯುತ್ತದೆ. ಮನೆಯಲ್ಲಿ ಹಳೆಯ ವಿಂಡೋಸ್ 7 ಕಂಪ್ಯೂಟರ್ ಇಟ್ಟುಕೊಂಡಿರುವವರಿಗೆ ಇದು ಇನ್ನೂ ಮುಖ್ಯ, 2024ರ ಜನವರಿಯಿಂದ ಸ್ಟೀಮ್ ಅದಕ್ಕೆ ಬೆಂಬಲ ನಿಲ್ಲಿಸಿದೆ.

ಕೀ ಮಾರುವ ಸೈಟುಗಳು, ಹಳೆಯ ಸಿಡಿಗಳು

ಕೀ, ಅಂದರೆ ಗೇಮ್ ಅನ್ನು ನಮ್ಮ ಲೈಬ್ರರಿಗೆ ಸೇರಿಸುವ ಕೋಡ್, ಅದನ್ನು ಮಾತ್ರ ಮಾರುವ ಸೈಟುಗಳಲ್ಲಿ ಬೆಲೆ ಇನ್ನೂ ಕಡಿಮೆ ಕಾಣುತ್ತದೆ. ನಾನು ಒಮ್ಮೆ ಅಂಥ ಒಂದು ಕಡೆ 90 ರೂಪಾಯಿಗೆ ಕೀ ತಗೊಂಡೆ. ಎರಡು ತಿಂಗಳ ನಂತರ ನೋಡಿದರೆ ಲೈಬ್ರರಿಯಲ್ಲಿ ಗೇಮ್ ಇಲ್ಲ, ಕೀ ರದ್ದಾಗಿದೆ ಅಂತ ಒಂದು ಸಾಲಿನ ಮೇಲ್. ಮಾರಿದವನು ಉತ್ತರ ಕೊಡಲಿಲ್ಲ. ಕೊನೆಗೆ ಆ ಗೇಮನ್ನು ಅಧಿಕೃತ ಅಂಗಡಿಯ ಸೇಲ್‌ನಲ್ಲಿ 110ಕ್ಕೆ ಮತ್ತೆ ಕೊಂಡೆ. ಪ್ರಕಾಶಕರಿಂದ ನೇರವಾಗಿ ಕೀ ಪಡೆಯುವ ಅಂಗಡಿ ಆಗಿದ್ದರೆ ಮಾತ್ರ ತಗೊಳ್ಳಿ.

ಹಳೆಯ ಡಬ್ಬಿ, ಸಿಡಿ ಸಂಗ್ರಹ ಮಾಡುವುದು ಬೇರೆಯೇ ಪ್ರೀತಿ, ಅದರ ಬೆಲೆ ಕೆಳಗೆ ಬರುವುದು ಕಡಿಮೆ. ನೋ ಒನ್ ಲಿವ್ಸ್ ಫಾರೆವರ್ ಅಂತ 2000ದ ಒಂದು ಒಳ್ಳೆಯ ಗೇಮ್ ಇದೆ. ಹಕ್ಕು ಯಾರದ್ದು ಅನ್ನುವ ಗೊಂದಲದಲ್ಲಿ ಅದು ಆನ್‌ಲೈನ್ ಅಂಗಡಿಗಳಿಗೆ ಬರಲೇ ಇಲ್ಲ, ಅಸಲಿ ಬೇಕಂದ್ರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಒಂದೇ ದಾರಿ. ಆದರೆ ಆಡುವುದಕ್ಕೆ ಅಂತ ಡಿಸ್ಕ್ ಕೊಳ್ಳುವವರು ಒಂದು ವಿಷಯ ತಿಳಿದಿರಿ. ಆ ಕಾಲದ ಬಹಳ ಡಿಸ್ಕ್‌ಗಳಲ್ಲಿ ಸೇಫ್‌ಡಿಸ್ಕ್, ಸೆಕ್ಯುರಾಮ್ ಅನ್ನುವ ಕಾಪಿ ತಡೆ ಇತ್ತು, ವಿಂಡೋಸ್ 10 ಬಂದಾಗಿನಿಂದ ಸೇಫ್‌ಡಿಸ್ಕನ್ನೂ ಸೆಕ್ಯುರಾಮ್‌ನ ಕೆಲವು ಆವೃತ್ತಿಗಳನ್ನೂ ಮೈಕ್ರೋಸಾಫ್ಟ್ ನಡೆಯಗೊಡುತ್ತಿಲ್ಲ. ಡಬ್ಬಿ ಹೊಸದರ ಹಾಗಿದ್ದು, ಡಿಸ್ಕ್‌ನಲ್ಲಿ ಒಂದು ಗೀರೂ ಇಲ್ಲದಿದ್ದರೂ ಗೇಮ್ ಮಾತ್ರ ಶುರುವಾಗುವುದಿಲ್ಲ.

ಕೊಂಡ ದಿನವೇ ಮಾಡಬೇಕಾದ್ದು

ತಗೊಂಡ ಗೇಮನ್ನು ಆಮೇಲೆ ಆಡೋಣ ಅಂತ ಇಡಬೇಡಿ. ಅವತ್ತೇ ಇನ್‌ಸ್ಟಾಲ್ ಮಾಡಿ, ಹತ್ತು ನಿಮಿಷ ಆಡಿ. ಪರದೆ ಕಪ್ಪಾಗುವುದು, ಧ್ವನಿ ಬರದಿರುವುದು, ಮೌಸ್ ಓಡಿಹೋಗುವುದು ಹಳೆಯ ಗೇಮ್‌ಗಳಲ್ಲಿ ಮಾಮೂಲಿ. ಗಾಗ್‌ನಲ್ಲಿ 30 ದಿನದೊಳಗೆ, ಆಡಿದ್ದರೂ, ದುಡ್ಡು ವಾಪಸ್ ಕೇಳಬಹುದು. ಸ್ಟೀಮ್‌ನಲ್ಲಿ ಆ ಎರಡು ಗಂಟೆಯ ಮಿತಿ ಇದೆ, ಸೆಟ್ಟಿಂಗ್ಸ್ ತಿರುವುತ್ತ ಕೂತ ಹೊತ್ತೂ ಅದರಲ್ಲೇ ಲೆಕ್ಕ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ಮುಚ್ಚಿ, ಪರಿಹಾರ ಹುಡುಕಿ, ಆಮೇಲೆ ತೆರೆಯಿರಿ.

ಗಾಗ್‌ನದ್ದಾದರೆ ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿಕೊಂಡು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಡಿ, ಫೋಲ್ಡರ್‌ಗೆ ಗೇಮ್ ಹೆಸರು, ಕೊಂಡ ತಿಂಗಳು, ಕೊಟ್ಟ ಬೆಲೆ ಬರೆಯಿರಿ. ಮ್ಯಾನುಯಲ್, ಮ್ಯಾಪ್ ಜೊತೆಗೆ ಕೊಟ್ಟಿರುತ್ತಾರೆ, ಅವನ್ನೂ ಇಳಿಸಿ. ಡಾಸ್ ಕಾಲದ, ಅಂದರೆ ವಿಂಡೋಸ್ ಜನಪ್ರಿಯವಾಗುವ ಮೊದಲಿನ, ಗೇಮ್‌ಗಳು ಬಹಳ ಚಿಕ್ಕವು, ನನ್ನ ಹತ್ತಿರ ಇರುವ ಮೂವತ್ತಕ್ಕೂ ಹೆಚ್ಚು ಗೇಮ್‌ಗಳು ಒಂದು 32 ಜಿಬಿ ಪೆನ್‌ಡ್ರೈವ್‌ನಲ್ಲಿ ಕೂತಿವೆ, ಇನ್ನೂ ಅರ್ಧ ಜಾಗ ಖಾಲಿ ಇದೆ.